ಹೇಳಿಕೊಡದ ಹನ್ನೊಂದು ಸಾಲು

ಹದಿನಾರು ವರ್ಷ ನಾನು ಗುಂಗುರುವಿಗೆ ಮಾತು ಹೇಳಿಕೊಟ್ಟೆ. ಗುಂಗುರು ಕೂದಲಿನವಳೆಂದು ಸಿನಿಮಾ ಸೆಟ್ಟಿನಲ್ಲಿ ಎಲ್ಲರೂ ಅವಳನ್ನು ಹಾಗೇ ಕರೆಯುತ್ತಿದ್ದರು. ಪೋಸ್ಟರಿನ ಮೇಲಿನ ದೊಡ್ಡ ಹೆಸರು ಜನರಿಗೆ, ಇದು ನಮಗೆ. ನನ್ನ ಕೆಲಸ ಪ್ರಾಂಪ್ಟಿಂಗ್. ಕಾಲೇಜಿನಲ್ಲಿ ಸಾಹಿತ್ಯ ಓದಿದವಳು, ಉಚ್ಚಾರ ಚೆನ್ನಾಗಿದೆ ಎಂದು ತೆಗೆದುಕೊಂಡಿದ್ದರು. ಕ್ಯಾಮೆರಾದ ಪಕ್ಕ ನಿಂತು, ಭಾವ ಬೆರೆಸದೆ, ಸಪ್ಪೆಯಾಗಿ ಒಂದೊಂದೇ ಸಾಲು ಹೇಳಬೇಕು. ಅವಳು ಅದನ್ನು ಹಿಡಿದುಕೊಂಡು ಅತ್ತೋ ನಕ್ಕೋ ರೇಗಿಯೋ ಹೇಳುತ್ತಾಳೆ. ಆಗ ಧ್ವನಿಯನ್ನೆಲ್ಲ ಆಮೇಲೆ ಸ್ಟುಡಿಯೊದಲ್ಲಿ ಸೇರಿಸುತ್ತಿದ್ದರಿಂದ ನನ್ನ ಗೊಣಗಾಟ ಪ್ರೇಕ್ಷಕರ ಕಿವಿಗೆ ಬೀಳುತ್ತಿರಲಿಲ್ಲ. ಅವಳು ಒಂದು ಸಾಲನ್ನೂ ಬಾಯಿಪಾಠ ಮಾಡಿದವಳಲ್ಲ. ಮಾಡುವ ಅಗತ್ಯವೇ ಬರಲಿಲ್ಲ.

ಬಂದದ್ದು ಒಂದೇ ಸಲ. ಅವಳ ಹೆಸರು ಮೇಲಿದ್ದ ಕಾಲ. ಒಬ್ಬ ನಿರ್ದೇಶಕರು ಮನೆಗೇ ಬಂದು, ಸೂಲಗಿತ್ತಿಯ ಪಾತ್ರ ಮಾಡಬೇಕು ಎಂದರು. ಧ್ವನಿಯನ್ನು ಚಿತ್ರೀಕರಣದ ಜೊತೆಗೇ ಹಿಡಿಯುತ್ತೇವೆ, ಪ್ರಾಂಪ್ಟಿಂಗ್ ಇಲ್ಲ, ಮಾತು ಕಲಿತು ಬರಬೇಕು, ಇಷ್ಟೇ ಷರತ್ತು. "ನಮ್ಮ ಟೀಚರ್ ಇಲ್ಲದ ಕಡೆ ನಾನು ಬರಲ್ಲ" ಎಂದುಬಿಟ್ಟಳು. ನಾನೇ ಆ ಟೀಚರ್. ಎಂಥ ಸ್ನೇಹ ಎಂದು ಎಲ್ಲರೂ ಹೊಗಳಿದರು. ಅದು ಸ್ನೇಹಕ್ಕಿಂತ ಹೆಚ್ಚಾಗಿ ಭಯ ಎಂದು ನನಗೊಬ್ಬಳಿಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ, ಹೊಗಳಿಕೆ ನನಗೂ ಹಿತವಾಗಿತ್ತು. ಆ ಪಾತ್ರ ಮಾಡಿದ ಇನ್ನೊಬ್ಬಳನ್ನು ಜನ ಇವತ್ತಿಗೂ ನೆನೆಯುತ್ತಾರೆ.

ಮುಂದಿನದನ್ನು ಬೇಗ ಹೇಳಿ ಮುಗಿಸಬಹುದು. ಮೂವತ್ತೈದಕ್ಕೆ ತಾಯಿಯ ಪಾತ್ರಗಳು ಬಂದವು, ಮೂಗು ಮುರಿದಳು. ನಲವತ್ತಕ್ಕೆ ಅವೂ ಬರಲಿಲ್ಲ. ಗಂಡ ತೆಗೆದ ಎರಡು ಚಿತ್ರ ಮಕಾಡೆ ಮಲಗಿ ಮನೆ ಹೋಯಿತು. ಆಮೇಲೆ ಗಂಡನೂ ಹೋದ. ದೂರವೇನಲ್ಲ, ಪಕ್ಕದ ಬೀದಿಯ ಇನ್ನೊಬ್ಬಳ ಮನೆಗೆ. ಈಗ ಹನ್ನೆರಡು ವರ್ಷದಿಂದ ಹಲ್ಲಿನ ಡಾಕ್ಟರರ ಕ್ಲಿನಿಕ್ಕಿನಲ್ಲಿ ಬಾಗಿಲ ಬಳಿಯ ಮೇಜಿನ ಹಿಂದೆ ಕೂತು ಟೋಕನ್ ಕೊಡುತ್ತಾಳೆ. ಆ ಕೆಲಸ ಅವಳಿಗೆ ಇಷ್ಟ. "ಹಲ್ಲುನೋವಿನವರು ಯಾರ ಮುಖಾನೂ ನೋಡಲ್ಲ ಕಣೇ" ಎನ್ನುತ್ತಾಳೆ. ಅದೇ ಕಟ್ಟಡದ ಮೂರನೇ ಮಹಡಿಯ ಎದುರುಬದುರು ಕೋಣೆಗಳಲ್ಲಿ ನಾವಿಬ್ಬರೂ ಇದ್ದೇವೆ.

ಹೋದ ತಿಂಗಳು ಟಿವಿ ಧಾರಾವಾಹಿಯೊಂದರ ನಿರ್ದೇಶಕಿ ಅವಳಿಗೆ ಫೋನ್ ಮಾಡಿದಳು, ಸ್ಪೀಕರಿನಲ್ಲಿ ನಾನೂ ಕೇಳಿಸಿಕೊಂಡೆ. ಮೊಮ್ಮಗಳ ವಯಸ್ಸಿನ ಹುಡುಗಿ. ನಾಯಕನ ಅಜ್ಜಿಯ ಪಾತ್ರ. ಮೊದಲು ಒಂದೇ ದೃಶ್ಯ, ಹನ್ನೊಂದು ಸಾಲು. ಅದು ಸರಿಬಂದರೆ ಅಜ್ಜಿ ವರ್ಷವಿಡೀ ಇರುತ್ತಾಳೆ.

"ಸರಿಬರದಿದ್ರೆ?" ಎಂದಳು ಗುಂಗುರು.

"ಅಜ್ಜಿ ಗೋಡೆ ಮೇಲೆ ಹಾರ ಹಾಕಿದ ಫೋಟೊ ಆಗಿಬಿಡ್ತಾರೆ ಮೇಡಂ," ಎಂದಳು ಆ ಹುಡುಗಿ, ಮನಸ್ಸಿನಲ್ಲಿ ಒಂದಿಷ್ಟೂ ಕೆಟ್ಟದ್ದಿಲ್ಲದೆ. "ಆಮೇಲೆ ಮೇಡಂ, ನಾವು ಧ್ವನಿ ಅಲ್ಲೇ ತಗೊಳ್ತೀವಿ. ಪ್ರಾಂಪ್ಟಿಂಗ್ ಇರಲ್ಲ."

ಫೋನಿಟ್ಟು ಗುಂಗುರು ನನ್ನ ಮುಖ ನೋಡಿದಳು. "ಬರಲ್ಲ ಅಂತ ಹೇಳಿಬಿಡ್ಲಾ?"

"ಅವತ್ತು ನಾನು ಬಾಯಿ ಮುಚ್ಕೊಂಡಿದ್ದೆ. ಇವತ್ತು ಮುಚ್ಕೊಳ್ಳಲ್ಲ. ಹೋಗ್ತೀಯ ನೀನು," ಎಂದೆ.

ಎಪ್ಪತ್ತರಲ್ಲಿ ಬಾಯಿಪಾಠ ಶುರುವಾಯಿತು. ಹಾಳೆ ಹಿಡಿದು ಓದಿದರೆ ತಲೆಗೆ ಹತ್ತಲಿಲ್ಲ. ಒಗೆದ ಬಟ್ಟೆ ಮಡಿಸುತ್ತ, ಒಂದು ಬಟ್ಟೆಗೆ ಒಂದು ಸಾಲು ಎಂದು ಕಲಿಸತೊಡಗಿದೆ. ಅವಳ ಬಟ್ಟೆ ಹನ್ನೊಂದಾಗದೆ ನನ್ನವನ್ನೂ ತಂದು ಸುರಿದೆ. ಒಂದು ದಿನ ಹನ್ನೊಂದೂ ಬಂದರೆ ಮರುದಿನ ಐದೂ ಇಲ್ಲ. ಒಂದು ಬೆಳಿಗ್ಗೆ ಕ್ಲಿನಿಕ್ಕಿನ ಫೋನಿನಲ್ಲಿ ನರಳುತ್ತಿದ್ದ ಯಾರಿಗೋ, "ಬಾ ಮಗಾ, ಪಕ್ಕದಲ್ಲಿ ಕೂತ್ಕೊ, ಯಾರೂ ಬೈಯಲ್ಲ" ಎಂದು ಅಜ್ಜಿಯ ಸಾಲನ್ನೇ ಹೇಳಿಬಿಟ್ಟಳಂತೆ. ಎರಡು ಸಲ ಅಪಾಯಿಂಟ್‌ಮೆಂಟ್ ತಪ್ಪಿಸಿಕೊಂಡಿದ್ದ ಆ ಮನುಷ್ಯ ಅವತ್ತು ಬಂದು ಹಲ್ಲು ಕೀಳಿಸಿಕೊಂಡು ಹೋದ. "ಇನ್ಮೇಲೆ ಎಲ್ಲರಿಗೂ ಹೀಗೇ ಹೇಳಿ" ಎಂದರು ಡಾಕ್ಟರು. ಮಧ್ಯಾಹ್ನದ ಊಟ ಬಿಟ್ಟು ಅವಳ ಮುಂದಿನ ಮುರುಕು ಹಲ್ಲು ಸರಿಮಾಡಿಕೊಟ್ಟವರೂ ಅವರೇ. "ಕ್ಲೋಸಪ್ಪಿಗೆ ಬೇಕಾಗುತ್ತೆ" ಎಂದರಂತೆ.

ಚಿತ್ರೀಕರಣ ಒಂದು ಬಾಡಿಗೆ ಮನೆಯ ಅಡುಗೆಕೋಣೆಯಲ್ಲಿ. ಅವಳು ಕೂರುವ ಮರದ ಕುರ್ಚಿಯನ್ನು ನೋಡಿ ಲೈಟಿನವನೊಬ್ಬ, ಯಾರೂ ಹೇಳದೆಯೇ, ಕಂಬಳಿ ಮಡಿಸಿ ಹಾಸಿದ. ನಾನು ಕ್ಯಾಮೆರಾದ ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತೆ.

"ಅಮ್ಮಾ, ಉಸಿರು ಸ್ವಲ್ಪ ಮೆಲ್ಲಗೆ ಬಿಡಿ. ನಮ್ಮ ಮೈಕಿಗೆ ಕಿವಿ ಜಾಸ್ತಿ," ಎಂದ ಧ್ವನಿಯವನು.

ಮೊದಲನೇ ಸಲ ನಾಲ್ಕನೇ ಸಾಲಿಗೆ ನಿಂತಳು. ಅವಳ ಕಣ್ಣು ನೇರ ನನ್ನ ಕಡೆ ಬಂತು. ನಾನು ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡೆ. ಎರಡನೇ ಸಲ ಮೂರಕ್ಕೇ ನಿಂತಳು. ನಿರ್ದೇಶಕಿ ಗಡಿಯಾರ ನೋಡಿ ಸಹಾಯಕನಿಗೆ, "ಸ್ಟಿಲ್ ಫೋಟೊಗ್ರಾಫರ್ ಇದಾರಾ?" ಎಂದು ಪಿಸುಗುಟ್ಟಿದಳು. ಅದು ಗೋಡೆಯ ಫೋಟೊಗೆ ಎಂದು ನನಗೆ ತಿಳಿಯಿತು. ಮೊಮ್ಮಗನಾಗಿ ಅವಳೆದುರು ಕೂತಿದ್ದ ಹೀರೊಗೂ ತಿಳಿದಿರಬೇಕು. ಅಲ್ಲಿಯತನಕ ಮೊಬೈಲಿನಲ್ಲಿ ಮುಳುಗಿದ್ದವನು ಅದನ್ನು ಜೇಬಿಗಿಟ್ಟು ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡ.

"ಅಜ್ಜಿ, ನನ್ನ ಮುಖಾನೇ ನೋಡ್ತಿರಿ. ಬೇರೆಲ್ಲೂ ನೋಡ್ಬೇಡಿ."

"ನೋಡೋಕೆ ಚೆನ್ನಾಗೇ ಇದೀಯ ಬಿಡು," ಎಂದಳು. ಎಲ್ಲರೂ ನಕ್ಕರು.

ಮೂರನೇ ಸಲ. ಅವನ ಬೆನ್ನು ಕ್ಯಾಮೆರಾಗೆ. ನನಗೆ ಕಾಣುತ್ತಿದ್ದದ್ದು ಅವನ ಕಿವಿ, ಕೆನ್ನೆಯ ಅಂಚು ಮಾತ್ರ. ಅವಳು ಬಾಯಿ ತೆರೆಯುವ ಒಂದು ಗಳಿಗೆ ಮೊದಲು ಅವನ ದವಡೆ ಅಲುಗಿತು. ಎರಡನೇ ಸಾಲಿಗೂ ಅಲುಗಿತು, ಮೂರಕ್ಕೂ. ಸದ್ದೇ ಇಲ್ಲದೆ ಅವಳ ಮಾತನ್ನು ಹೇಳಿಕೊಡುತ್ತಿದ್ದ! ತನ್ನದರ ಜೊತೆಗೆ ಅವಳ ಸಾಲುಗಳನ್ನೂ ಕಲಿತಿದ್ದ. ಒಂದು ಕ್ಷಣ ನನಗೆ ಅಸೂಯೆಯಾಯಿತು, ಸುಳ್ಳು ಹೇಳುವುದಿಲ್ಲ. ಆಮೇಲೆ ಆ ಹುಡುಗನ ತಲೆ ಸವರಬೇಕೆನಿಸಿತು.

ಏಳನೇ ಸಾಲು ಮುಗಿಯಿತು. ಅವನ ದವಡೆ ಅಲುಗಿತು. ಅವಳು ಮಾತಾಡಲಿಲ್ಲ. ನಾನು ಕಣ್ಣು ಮುಚ್ಚಿಕೊಂಡೆ. ಎಷ್ಟು ಹೊತ್ತೋ, ಅವಳ ದನಿ ಕೇಳಿಸಿತು. ಎಂಟು, ಒಂಬತ್ತು, ಹತ್ತು. ಹನ್ನೊಂದನೆಯದನ್ನು ಹೇಳಿ ಅವನ ಕೆನ್ನೆ ತಟ್ಟಿದಳು.

"ಕಟ್!" ನಿರ್ದೇಶಕಿ ಓಡಿ ಬಂದು ಅವಳ ಕೈ ಹಿಡಿದುಕೊಂಡಳು. "ಏಳಾದ್ಮೇಲೆ ನಿಲ್ಸಿದ್ರಲ್ಲ ಮೇಡಂ, ಏನ್ ಚೆನ್ನಾಗಿತ್ತು! ಸೋಮವಾರದಿಂದ ಬಂದುಬಿಡಿ."

ವಾಪಸು ಬರುವಾಗ ಬಸ್ಸಿನಲ್ಲಿ ನನಗೆ ತಡೆಯಲಾಗಲಿಲ್ಲ. "ಆ ಹುಡುಗ ನಿಂಗೆ…"

"ಹೇಳಿಕೊಡ್ತಿದ್ದ. ನಂಗೇನು ಕಣ್ಣಿಲ್ವಾ? ನಿನಗಿಂತ ಚೆನ್ನಾಗೇ ಹೇಳಿಕೊಡ್ತಾನೆ."

"ಮತ್ತೆ ಏಳಾದ ಮೇಲೆ ಯಾಕೆ ನಿಂತೆ?"

"ಅವನು ಒಂಬತ್ತಕ್ಕೆ ಹಾರಿಬಿಟ್ಟ ಕಣೇ! ಎಂಟು ಎಲ್ಲಿ, ಎಂಟು ಎಲ್ಲಿ ಅಂತ ನೋಡ್ತಾನೇ ಇದೀನಿ, ಬರ್ಲೇ ಇಲ್ಲ. ಕೊನೆಗೆ ನಾನೇ ಹೇಳ್ದೆ. ಅವನಿಗೆ ಗಾಬರಿಯಾಗಿ ಬಾಯೇ ನಿಂತೋಯ್ತು. ಅಲ್ಲಿಂದ ಆಚೆ ಎಲ್ಲಾ ನಂದೇ."

"ತಪ್ಪಿದ್ದನ್ನ ಅವನಿಗೆ ಹೇಳಿದ್ಯಾ?"

"ಛೆ, ಯಾಕೆ? ನಿನ್ನಿಂದಾನೇ ಆಯ್ತು ಮಗಾ ಅಂದೆ. ಎಷ್ಟು ಖುಷಿಪಟ್ಟ ಗೊತ್ತಾ."

ಕೈಚೀಲದಿಂದ ಸೋಮವಾರದ ಹಾಳೆ ತೆಗೆದು ಕನ್ನಡಕ ಏರಿಸಿದಳು. "ಇಪ್ಪತ್ತಾರು ಸಾಲಿದೆ. ನೀನು ಮಧ್ಯೆ ಬಾಯಿ ಹಾಕ್ಬೇಡ."

ಓದಿದಳು. ಹಾಳೆ ಮಡಿಸಿ ಹೇಳತೊಡಗಿದಳು. ಎರಡನೇ ಸಾಲಿನಲ್ಲೇ ತಪ್ಪಿದಳು. ನಾನು ಕಿಟಕಿಯ ಕಡೆ ತಿರುಗಿ ಕೂತೆ. ಬಸ್ಸು ಮುಂದಿನ ತಿರುವು ದಾಟುವಷ್ಟರಲ್ಲಿ ಅವಳೇ ಸರಿಮಾಡಿಕೊಂಡಳು.