ಇಪ್ಪತ್ತೈದರ ಊಟ

ತಿಮೊಥಿಯ ಉಬ್ಬಸಕ್ಕೆ ಮಡಿಕೇರಿಯ ಡಾಕ್ಟರು ಮೂರು ಮಳೆಗಾಲ ಔಷಧ ಕೊಟ್ಟು ಕೊನೆಗೆ ಕೈಚೆಲ್ಲಿದ್ದರು. "ಈ ಮಂಜು, ಈ ಥಂಡಿ ಬಿಟ್ಟು ಬಯಲುಸೀಮೆಗೆ ಹೋಗಿ. ಒಣ ಹವೆಯಲ್ಲಿ ಇನ್ನೂ ಇಪ್ಪತ್ತು ವರ್ಷ ಬದುಕ್ತಾರೆ" ಎಂದಿದ್ದರು. ಆ ಒಂದು ಮಾತನ್ನು ನಂಬಿ ಮಿಲ್ಕಾ ವರ್ಗ ಕೇಳಿದಳು. ಅವಳು ಸರ್ಕಾರಿ ನರ್ಸು. ಎಲ್ಲರೂ ಒಲ್ಲೆನೆನ್ನುವ ಊರನ್ನು ತಾನಾಗಿ ಕೇಳಿದವರಿಗೆ ಆದೇಶ ಬೇಗ ಬರುತ್ತದೆ. 1978ರ ಜೂನಿನಲ್ಲಿ ಗಂಡ ತಿಮೊಥಿಯನ್ನೂ ಹತ್ತು ವರ್ಷದ ಮಗಳು ರಿಬೆಕಾಳನ್ನೂ ಕರೆದುಕೊಂಡು ಅವಳು ಸವಣೂರು ತಾಲೂಕಿನ ಹತ್ತಿಮತ್ತೂರಿನಲ್ಲಿ ಬಸ್ಸಿಳಿದಳು. ಊರಿಗೆಲ್ಲ ಅವರದೊಂದೇ ಕ್ರೈಸ್ತರ ಮನೆ.

ಮೊದಮೊದಲು ಡಾಕ್ಟರ ಮಾತು ನಿಜವೇ ಆಯಿತು. ತಿಮೊಥಿ ಕಾಫಿ ತೋಟದ ಶಾಲೆಯಲ್ಲಿ ಮೇಷ್ಟರಾಗಿದ್ದವನು. ಉಬ್ಬಸ ಆ ಕೆಲಸವನ್ನು ನುಂಗಿತ್ತು. ಎರಡು ವರ್ಷದಿಂದ ದಿಂಬಿಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದವನು ದಸರೆಯ ಹೊತ್ತಿಗೆ ಚಾಪೆಯ ಮೇಲೆ ಕಾಲು ಚಾಚಿ ಮಲಗಿದ. ಕೆರೆಯವರೆಗೆ ನಡೆದು ಬಂದ. ಸ್ನಾನದ ಮನೆಯಲ್ಲಿ ಕೀರ್ತನೆ ಹಾಡಿದ. ಮನೆ ಬಾಡಿಗೆಗೆ ಕೊಟ್ಟಿದ್ದ ರೈತ ಬಸವಣ್ಣೆಪ್ಪನ ಕಟ್ಟೆಯ ಮೇಲೆ ಕೂತು ಊರ ಸುದ್ದಿ ಕೇಳಿದ. ಓಣಿಯವರು ಅವನನ್ನು ಮಾಸ್ತರ ಎಂದು ಕರೆಯತೊಡಗಿದರು.

ದೀಪಾವಳಿ ಕಳೆದ ಮೇಲೆ ಅವನೊಂದು ಸುದ್ದಿ ತಂದ. ಸವಣೂರಿನಲ್ಲಿ ಯಾರದೋ ಮನೆಯ ಮಕ್ಕಳಿಗೆ ಪಾಠ ಹೇಳಬೇಕಂತೆ. ಹೆಂಡತಿಯ ದುಡಿಮೆಯಲ್ಲಿ ಕೂತು ಉಣ್ಣುವುದು ಅವನನ್ನು ಒಳಗೇ ತಿನ್ನುತ್ತಿದೆಯೆಂದು ಮಿಲ್ಕಾಳಿಗೆ ಗೊತ್ತಿತ್ತು. ಹೂಂ ಎಂದಳು. ಅವನು ಬೆಳಗಿನ ಬಸ್ಸಿಗೆ ಹೋಗಿ ಸಂಜೆ ಬರತೊಡಗಿದ.

ಮೂರನೇ ದಿನವೇ ಅವನ ಹುಬ್ಬಿನಲ್ಲಿ ಬಿಳಿಯ ಎಳೆಯೊಂದು ಕಂಡಿತು. ಮಿಲ್ಕಾ ಬೆರಳಿನಿಂದ ಅದನ್ನು ತೆಗೆದಳು. ಹತ್ತಿ. ಅಂಗಿಯ ಕಾಲರಿನಲ್ಲೂ ಕಿವಿಯ ಮಡಿಕೆಯಲ್ಲೂ ಅದೇ ಇತ್ತು. ಪಾಠ ಹೇಳುವವನ ಮೈಗೆ ಅರಳೆ ಹತ್ತುವುದಿಲ್ಲ. ಸವಣೂರಿನ ಹತ್ತಿ ಮಿಲ್ಲಿನ ಮುಂದೆ ಅವಳು ಎಷ್ಟೋ ಸಲ ಮೂಗಿಗೆ ಸೆರಗು ಹಿಡಿದು ದಾಟಿದ್ದಳು. ಆ ಧೂಳು ಉಬ್ಬಸದವನ ಎದೆಯೊಳಗೆ ಏನು ಮಾಡುತ್ತದೆಂದು ನರ್ಸಿಗೆ ಬೇರೆಯವರು ಹೇಳಬೇಕಾಗಿರಲಿಲ್ಲ.

ಕೇಳಬೇಕೆಂದು ಬಾಯಿ ತೆರೆದಳು. ಆದರೆ ಅವನು ಆಗ ರಿಬೆಕಾಳಿಗೆ ಬಸ್ಸಿನ ಕಂಡಕ್ಟರನ ಕತೆ ಹೇಳಿ ನಗುತ್ತಿದ್ದ. ಕೆಮ್ಮು ನಡುವೆ ಬಂದು ಕತ್ತರಿಸದೆ, ಪೂರ್ತಿಯಾಗಿ ನಗುತ್ತಿದ್ದ. ಆ ನಗೆ ಕೇಳಿ ಎಷ್ಟು ವರ್ಷಗಳಾಗಿದ್ದವೋ. ನಾಳೆ ಕೇಳಿದರಾಯಿತು ಅಂದುಕೊಂಡಳು. ಹಾಗೆಯೇ ಒಂದೂವರೆ ತಿಂಗಳು ಹೋಯಿತು.

ಡಿಸೆಂಬರಿನಲ್ಲಿ ಅವನು ಮನೆಮನೆಗೆ ಹೋಗಿ, ಕಲಿತಷ್ಟು ಆ ಊರಿನ ಮಾತಿನಲ್ಲೇ ಕರೆದ. "ಇಪ್ಪತ್ತೈದನೇ ತಾರೀಖಿಗೆ ನಮ್ಮ ಮನಿಗೆ ಊಟಕ್ಕ ಬರ್ರಿ. ಬರೇ ಕಾಯಿಪಲ್ಲೆ, ಸಿಹಿ. ಮತ್ತೇನಿಲ್ಲ." ಕರೆದು ಬರುವಾಗ ಅವನು ದಾರಿಯಲ್ಲಿ ಎರಡು ಸಲ ನಿಂತು ಉಸಿರು ತೆಗೆದುಕೊಂಡದ್ದನ್ನು ಮಿಲ್ಕಾ ಬಾಗಿಲಿನಿಂದ ಕಂಡಳು. "ರೀ, ನಾಳೆ ಸವಣೂರಿಗೆ ಹೋಗ್ಬೇಡಿ" ಎಂದಳು. "ಹಬ್ಬದವರೆಗೆ ಅಷ್ಟೇ" ಎಂದ ಅವನು.

ಇಪ್ಪತ್ತೊಂದನೇ ತಾರೀಖು ಮಧ್ಯಾಹ್ನವೇ ತಿರುಗಿ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತ. ತುಟಿ ನೀಲಿಗಟ್ಟಿತ್ತು. ಮಿಲ್ಕಾ ಇಂಜೆಕ್ಷನ್ ಕೊಟ್ಟಳು, ಇಳಿಯಲಿಲ್ಲ. ಇನ್ನೊಂದು ಕೊಟ್ಟಳು. ಬಸವಣ್ಣೆಪ್ಪ ಸವಣೂರಿನ ದವಾಖಾನೆಗೆ ಒಯ್ಯಲು ಚಕ್ಕಡಿ ಕಟ್ಟಲು ಓಡಿದ. ತಿಮೊಥಿ ಅವಳ ಕೈ ಹಿಡಿದು, "ಪಾಠ ಅಲ್ಲ, ಮಿಲ್ಕಾ... ನಾನು..." ಎಂದ. "ಮಾತಾಡ್ಬೇಡಿ" ಎಂದಳು. ಅವನು ಮಾತಾಡಲಿಲ್ಲ. ಎತ್ತುಗಳು ಬಾಗಿಲಿಗೆ ಬರುವ ಮೊದಲೇ ಎಲ್ಲ ಮುಗಿದಿತ್ತು.

ಹೂಳುವುದೆಲ್ಲಿ? ಸುತ್ತಲಿನ ಹಳ್ಳಿಗಳಲ್ಲೆಲ್ಲೂ ಕ್ರೈಸ್ತರ ಸ್ಮಶಾನವಿರಲಿಲ್ಲ.

"ಚಿಂತಿ ಮಾಡಬ್ಯಾಡ್ರಿ ಬಾಯಾರ. ನಾವೂ ಹುಗಿಯೋ ಮಂದಿನ. ನಮ್ಮ ಹೊಲದ ಮೂಲ್ಯಾಗ ಜಾಗಾ ಕೊಡ್ತೇನಿ" ಎಂದ ಬಸವಣ್ಣೆಪ್ಪ. ಒಂದು ತಾಸಿನಲ್ಲಿ ಮರಳಿ ಬಂದಾಗ ಅವನ ಕಣ್ಣು ನೆಲದ ಮೇಲಿತ್ತು. "ಹೊಲ ಅಣ್ತಮ್ಮರೆಲ್ಲಾರದು ಐತ್ರಿ. ತಮ್ಮಂದಿರು ಒಲ್ಲೆ ಅನ್ನಾಕತ್ತಾರ. ನಾಳೆ ಹಿರ್ಯಾರ್ನ ಕೂಡಿಸಿ ನೋಡೂಣು."

ಮರುದಿನ ಹಿರಿಯರು ಕೂಡಿದರು. ಬ್ಯಾಡ ಎಂದು ಒಬ್ಬರೂ ಅನ್ನಲಿಲ್ಲ. ಆಗಲಿ ಎಂದೂ ಅನ್ನಲಿಲ್ಲ. ಬಿಸಿಲು ಏರುತ್ತಿತ್ತು, ಹೆಣ ಕಾಯುವಂತಿರಲಿಲ್ಲ. ಮಿಲ್ಕಾ ಟೆಂಪೋ ತರಿಸಿದಳು. ತಾಯಿ ಮಗಳು ಹಿಂದೆ ಹೆಣದ ಪಕ್ಕದಲ್ಲಿ ಕೂತು ಹುಬ್ಬಳ್ಳಿಗೆ ಹೋದರು. ತಿಮೊಥಿಯನ್ನು ಒಮ್ಮೆಯೂ ಕಂಡಿರದ ಪಾದ್ರಿಯೊಬ್ಬರು ಪ್ರಾರ್ಥನೆ ಓದಿದರು. ಗುರುತಿಲ್ಲದವರ ಗೋರಿಗಳ ಸಾಲಿನಲ್ಲಿ ಅವನನ್ನು ಬಿಟ್ಟು ಇಬ್ಬರೂ ಬಂದರು.

ಇಪ್ಪತ್ತೈದರಂದು ಮಿಲ್ಕಾ ಒಲೆ ಹಚ್ಚಲಿಲ್ಲ. ಮಡಿಕೇರಿಯಲ್ಲಾದರೆ ಈ ಹೊತ್ತಿಗೆ ಮಂಜಿನಲ್ಲಿ ಚರ್ಚಿನ ಗಂಟೆ ಕೇಳುತ್ತಿತ್ತು. ಇಲ್ಲಿ ಹೆಂಚಿನ ಸಂದಿಯಿಂದ ಬಿಸಿಲು ನೆಲಕ್ಕೆ ಬಿದ್ದಿತ್ತು. ಮಧ್ಯಾಹ್ನ ಯಾರೋ ಬಾಗಿಲು ಬಡಿದರು. ತೆರೆದರೆ ಬಸವಣ್ಣೆಪ್ಪ, ಅವನ ಹಿಂದೆ ಹೆಂಡತಿ ಸಾವಂತ್ರವ್ವ, ಓಣಿಯ ನಾಲ್ಕಾರು ಜನ. ಸಾವಂತ್ರವ್ವನ ತಲೆಯ ಮೇಲೆ ರೊಟ್ಟಿಯ ಬುಟ್ಟಿಯಿತ್ತು.

ಮಿಲ್ಕಾ ಬಾಗಿಲಿಗೆ ಅಡ್ಡ ನಿಂತಳು. "ಆರಡಿ ಜಾಗ ಕೊಡೋಕೆ ಆಗ್ಲಿಲ್ಲ ನಿಮ್ಗೆ. ಈಗ ಊಟಕ್ಕೆ ಹೇಗೆ ಬಂದ್ರಿ?"

ಬಸವಣ್ಣೆಪ್ಪ ತಲೆ ಎತ್ತಲಿಲ್ಲ. "ಬರಾಕ ಮಾರಿ ಇಲ್ರಿ ಬಾಯಾರ. ಆದ್ರ ಮಾಸ್ತರು ಕರದಿದ್ರು. ಬರದ ಉಳದ್ರ ಅದೂ ಒಂದು ತಪ್ಪ ಆಗ್ತೈತಿ ಅಂತ ಬಂದ್ವಿ. ಹೋಗ್ರಿ ಅಂದ್ರ ಹೋಗ್ತೇವಿ."

ಅವಳು ಹೋಗಿ ಎನ್ನುವವಳಿದ್ದಳು. ಅಷ್ಟರಲ್ಲಿ ಗುಂಪಿನ ಹಿಂದೆ ಸೈಕಲ್ಲು ನಿಲ್ಲಿಸಿ, ಬಿಳಿ ಟೋಪಿಯ ಮುದುಕನೊಬ್ಬ ಮುಂದೆ ಬಂದ. ಕೈಯಲ್ಲಿ ತಿಮೊಥಿಯ ಬುತ್ತಿ ಡಬ್ಬಿಯಿತ್ತು.

"ನಾ ಉಸ್ಮಾನಸಾಬ ರೀ, ಸವಣೂರಿನ ಹತ್ತಿ ಮಿಲ್ಲಿನ್ಯಾಂವ. ಮಾಸ್ತರು ನಮ್ಮಲ್ಲೆ ಹತ್ತಿ ತುಂಬಿದ ಅಂಡಿಗಿ ಮ್ಯಾಲೆ ನಂಬರ ಬರೀತಿದ್ರು. ನಮ್ಮನ್ನೂ ಇವತ್ತ ಊಟಕ್ಕ ಕರದಿದ್ರು. ದಮ್ಮ ಐತಿ ಅಂತ ಅವ್ರು ಹೇಳಿದ್ದಿಲ್ರಿ, ಅಲ್ಲಾನ ಆಣಿ. ಗೊತ್ತಿದ್ರ ಆ ಧೂಳಿನ್ಯಾಗ ಕುಂದರಸ್ತಿದ್ದಿಲ್ಲ." ಡಬ್ಬಿ ಚಾಚಿ ಅವನು ಮೆಲ್ಲಗೆ ಕೇಳಿದ, "ಮಿಲ್ಲಿಗೆ ಬರೂದು ಮನ್ಯಾಗೂ ಹೇಳಿದ್ದಿಲ್ಲೇನ್ರಿ?"

ಇಲ್ಲ ಎಂದುಬಿಟ್ಟರೆ ಮುಗಿಯುತ್ತಿತ್ತು. ಸಿಟ್ಟೆಲ್ಲ ಎದುರು ನಿಂತವರ ಪಾಲಿಗೇ ಉಳಿಯುತ್ತಿತ್ತು. ಮಿಲ್ಕಾ ಡಬ್ಬಿ ತೆಗೆದುಕೊಂಡಳು.

"ಹೇಳಿರ್ಲಿಲ್ಲ. ಆದ್ರೆ ನಂಗೆ ಗೊತ್ತಿತ್ತು."

ಹಿಂದಿನಿಂದ ರಿಬೆಕಾಳ ದನಿ ಬಂತು. "ಗೊತ್ತಿತ್ತಾ ಅಮ್ಮ? ಮತ್ತೆ ಯಾಕೆ ತಡೀಲಿಲ್ಲ?"

"ಅಪ್ಪ ಖುಷಿಯಾಗಿದ್ರು ಮಗಾ."

ಆ ಮಾತು ಅವಳ ಕಿವಿಗೇ ಏನೂ ಅಲ್ಲದ್ದಾಗಿ ಕೇಳಿಸಿತು. ರಿಬೆಕಾ ಅವಳನ್ನು ದಿಟ್ಟಿಸಿ ನೋಡಿದಳು. ಆಮೇಲೆ ತಾಯಿಯ ಪಕ್ಕದಿಂದ ತೂರಿಕೊಂಡು ಹೊರಗೆ ಹೋಗಿ ಸಾವಂತ್ರವ್ವನ ಸೀರೆ ಹಿಡಿದು ನಿಂತಳು.

ಮಿಲ್ಕಾ ಬಾಗಿಲಿನಿಂದ ಸರಿದಳು. ಇನ್ನೊಬ್ಬರನ್ನು ಹೊರಗೆ ನಿಲ್ಲಿಸುವ ಬಲ ಅವಳಲ್ಲಿ ಉಳಿದಿರಲಿಲ್ಲ. ಚಾಪೆ ಹಾಸಿದಳು. ಎಲ್ಲರೂ ಕೂತರು. ರೊಟ್ಟಿ, ಬದನೆಕಾಯಿ ಪಲ್ಲೆ, ಶೇಂಗಾ ಹಿಂಡಿ ಬಡಿಸಿಯಾದರೂ ಯಾರೂ ಕೈ ಹಚ್ಚಲಿಲ್ಲ.

"ಉಣ್ಣೂ ಮುಂಚೆ ಮಾಸ್ತರು ಏನೋ ಹೇಳ್ತಿದ್ರಲ್ರಿ" ಎಂದ ಬಸವಣ್ಣೆಪ್ಪ. "ಹೇಳ್ರಿ, ಕೇಳ್ತೇವಿ."

ಮಿಲ್ಕಾ ಕಣ್ಣು ಮುಚ್ಚಿದಳು. ಕರ್ತನೇ ಎಂದಳು. ಮುಂದಿನದು ಬರಲಿಲ್ಲ. ಕಾದು ಕಾದು ಕೊನೆಗೆ ರಿಬೆಕಾಳೇ ಪಾಠ ಒಪ್ಪಿಸುವವಳಂತೆ ಅದನ್ನು ಹೇಳಿ ಮುಗಿಸಿದಳು. ಜನ ಉಂಡು, ಕೈ ತೊಳೆದು, ಒಬ್ಬೊಬ್ಬರಾಗಿ ಎದ್ದು ಹೋದರು.

ರಿಬೆಕಾ ಆ ಪ್ರಶ್ನೆಯನ್ನು ಮತ್ತೆ ಕೇಳಲಿಲ್ಲ. ಶಾಲೆಗೆ ಹೋದಳು, ಕರೆದರೆ ಓಗೊಟ್ಟಳು, ಬಡಿಸಿದ್ದನ್ನು ಉಂಡಳು. ಬೇಸಿಗೆ ರಜೆ ಮುಗಿಯುತ್ತ ಬಂದಾಗ, ಹುಬ್ಬಳ್ಳಿಯ ಹಾಸ್ಟೆಲಿಗೆ ಸೇರಿಸು ಎಂದಳು.

"ಯಾಕೆ ಮಗಾ, ಇಲ್ಲಿನ ಶಾಲೆ ಚೆನ್ನಾಗಿಲ್ವಾ?"

"ಅಪ್ಪ ಇರೋ ಊರಲ್ಲಿ ಓದ್ತೀನಿ."

ಮಿಲ್ಕಾ ಬೇಡ ಎನ್ನಲಿಲ್ಲ. ಜೂನಿನ ಮೊದಲ ಸೋಮವಾರ ರಜೆ ಹಾಕಿ, ಮಗಳ ಟ್ರಂಕು ಹೊತ್ತು, ಅವಳ ಹಿಂದೆ ಬಸ್‌ಸ್ಟ್ಯಾಂಡಿಗೆ ನಡೆದಳು.