ಬೈತಲೆ ತೆಗೆದ ಕೈ

ಟಿಕ್, ಟಿಕ್, ಬಟ್ಟೆ ಒಣಗಿಸುವ ಯಂತ್ರದೊಳಗೆ ಡೇಲ್‌ನ ಅಂಗಿಯ ಗುಂಡಿ ತಗಲುತ್ತಿದೆ, ಇನ್ನು ಹನ್ನೊಂದು ನಿಮಿಷ, ಅಷ್ಟರಲ್ಲಿ ಈ ಸಾಲನ್ನು ಹೆಣೆದು ಮುಗಿಸಬೇಕು, ಬಾಚಣಿಗೆಯ ಬಾಲದಿಂದ ಗೆರೆ ಎಳೆ, ಮೂರು ಎಳೆ ಹಿಡಿ, ಕೆಳಗಿನಿಂದ ಒಂದಿಷ್ಟು ಸೇರಿಸಿಕೊ — ಮತ್ತೆ ಸೊಟ್ಟ. ಮೇಜಿನ ಅಂಚಿಗೆ ಬಿಗಿದ ಈ ಬೊಂಬೆ ತಲೆಗೆ ನೋವಾಗುವುದಿಲ್ಲ, ಅದಕ್ಕೇ ನನಗೆ ಕೈ ಕೂಡುತ್ತಿಲ್ಲವೇನೋ. ಡೇಲ್ ಬೆಳಿಗ್ಗೆ ಅದರ ಮುಂದೆ ಟೋಪಿ ತೆಗೆದು ಚೆನ್ನಾಗಿ ನಿದ್ದೆ ಬಂತಾ ಮೇಡಂ ಎನ್ನುತ್ತಾನೆ, ಕೋರಾ ಹಾಲು ಉಗುಳುವಷ್ಟು ನಗುತ್ತಾಳೆ, ಎಂಟು ವರ್ಷ, ನಮ್ಮಿಬ್ಬರ ಒಬ್ಬಳೇ ಮಗಳು, ಒಂದು ತಿಂಗಳಿನಿಂದ ಊಟಕ್ಕೆ ಐದು ತಟ್ಟೆ ಇಡುತ್ತಿದ್ದಾಳೆ, ಎರಡನ್ನು ಹಾಗೇ ಎತ್ತಿಡುವವಳು ನಾನು. ಅಮ್ಮಾ, ಅಸ್ತೇರ್‌ಗೆ ಬಟಾಣಿ ಸೇರತ್ತಾ? ಗೊತ್ತಿಲ್ಲ ಪುಟ್ಟಿ. ಮಿಹ್ರೆತ್‌ಗೆ? ಗೊತ್ತಿಲ್ಲ. ನಿಂಗೇನೂ ಗೊತ್ತೇ ಇಲ್ವಲ್ಲಮ್ಮಾ. ಹೌದು, ಗೊತ್ತಿರುವುದು ಇಷ್ಟೇ, ಅಕ್ಕ ಅಸ್ತೇರ್‌ಗೆ ಆರು, ತಂಗಿ ಮಿಹ್ರೆತ್‌ಗೆ ನಾಲ್ಕು, ಇಥಿಯೋಪಿಯಾದ ಒಂದು ಅನಾಥಾಲಯ, ತಂದೆತಾಯಿ ತೀರಿಕೊಂಡಿದ್ದಾರೆ, ಬೇರೆ ಸಂಬಂಧಿಕರಿಲ್ಲ, ತಿಂಗಳಿಗೊಂದು ಫೋಟೊ. ಐದು ಫೋಟೊ ಫ್ರಿಜ್ಜಿನ ಬಾಗಿಲ ಮೇಲಿವೆ. ಮತ್ತೆ ಈ ಕಾಗದ, ಸೇಬಿನ ಬುಟ್ಟಿಗೆ ಒರಗಿಸಿಟ್ಟ ದತ್ತು ಒಪ್ಪಿಗೆ ಪತ್ರ, ಡೇಲ್ ಸಹಿ ಹಾಕಿಯೇ ಕೆಲಸಕ್ಕೆ ಹೋದ, ಅವನ ಹೆಸರಿನ ಪಕ್ಕದ ಗೆರೆ ನನ್ನದು, ಖಾಲಿ, ನಾಲ್ಕಕ್ಕೆ ಕೊರಿಯರ್‌ನವಳು ಬರುತ್ತಾಳೆ, ಈಗ ಮೂರೂ ಹತ್ತು.

ಸಹಿ ಎಷ್ಟು ಹೊತ್ತಿನ ಕೆಲಸ, ಎರಡು ವರ್ಷದಲ್ಲಿ ಎಷ್ಟು ಹಾಕಿಲ್ಲ, ಬೆರಳಚ್ಚು ಕೊಟ್ಟೆವು, ಮನೆ ನೋಡಲು ಬಂದ ಹೆಂಗಸಿಗೆ ಔಷಧಿ ಕಪಾಟಿನ ಬೀಗ ತೋರಿಸಿದೆವು, ನಿಮ್ಮ ಜಗಳ ಹೇಗೆ ಮುಗಿಯುತ್ತೆ ಅಂತ ಅವಳು ಕೇಳಿದರೆ ಡೇಲ್, ನಾನು ಸೋಲ್ತೀನಿ, ಅಂದ. ನಮ್ಮ ಚರ್ಚಿನ ಸಭೆಯವರೆಲ್ಲ ಹಳದಿ ಅಂಗಿ ಮಾಡಿಸಿದರು, ಅನಾಥರನ್ನು ಕೈಬಿಡೆವು ಎಂದು ಎದೆಯ ಮೇಲೆ ಅಚ್ಚು, ಬೈಬಲ್ಲಿನ ಆ ವಚನದಲ್ಲಿ ಅನಾಥರ ಜೊತೆಗೆ ವಿಧವೆಯರೂ ಇದ್ದಾರೆ, ಅಂಗಿಯಲ್ಲಿ ಜಾಗ ಸಾಲದೆ ವಿಧವೆಯರನ್ನು ಬಿಟ್ಟೆವು, ಬಿಡೋಣ ಎಂದವಳು ನಾನೇ, ಅಕ್ಷರ ದೊಡ್ಡದಾಗಿ ಕಾಣಲಿ ಅಂತ. ಪ್ರಾರ್ಥನೆಯ ಪಟ್ಟಿಯಲ್ಲಿ ಬರೆದವಳೂ ನಾನೇ, ತಲೆ ಬಾಚುವವರೂ ಇಲ್ಲದ ಈ ಇಬ್ಬರು ಕೂಸುಗಳಿಗಾಗಿ — ನೂರಿಪ್ಪತ್ತು ಜನ ಕಣ್ಣು ಮುಚ್ಚಿ ಅದನ್ನೇ ಹೇಳಿದರು, ಆಮೆನ್ ಎಂದರು, ಫೋಟೊ ಎಲ್ಲರ ಕೈಯಲ್ಲೂ ಇತ್ತು, ಎಷ್ಟು ಚೆಂದದ ಜಡೆ ಅಲ್ವಾ ಎಂದವರೂ ಅವರೇ.

ನಿನ್ನೆ ಒಡೆಸ್ಸಾ ಬರದಿದ್ದರೆ ನಾನೂ ಚೆಂದದ ಜಡೆ ಅಷ್ಟೇ ಅಂದುಕೊಂಡು ಸಹಿ ಹಾಕುತ್ತಿದ್ದೆ. ನದಿಯಾಚೆ ದಡದ ಕಪ್ಪು ಜನರ ಚರ್ಚಿನ ಹಿರಿಯ ಹೆಂಗಸು, ನಲವತ್ತು ವರ್ಷ ಊರಿನ ಹೆಣ್ಣುಮಕ್ಕಳ ತಲೆ ಹೆಣೆದವರು, ಕಲಿಸ್ತೀರಾ ಅಂತ ಸಂಕೋಚದಿಂದ ಕೇಳಿದಾಗ, ಕಲಿಸದೆ ಇನ್ನೇನು, ಆ ಕೂಸುಗಳು ನಿನ್ನ ಕೈಗೆ ಸಿಕ್ಕಿ ಗುಬ್ಬಿಗೂಡು ಹೊತ್ಕೊಂಡು ತಿರುಗ್ಲಾ, ಅಂದರು. ನಾನು ಹೆಣೆದ ಸಾಲನ್ನು ಎತ್ತಿ ನೋಡಿ, ಇದು ಜಡೆನೋ ಇಲಿ ಕಡಿದ ಹಗ್ಗಾನೋ ಮಗಳೇ. ಆಮೇಲೆ ನೀರು ಕುಡಿಯಲು ಫ್ರಿಜ್ಜಿನ ಹತ್ತಿರ ಹೋದವರು ಅಲ್ಲೇ ನಿಂತುಬಿಟ್ಟರು. ಇದ್ಯಾರು ಹೆಣೆದಿದ್ದು? ಅಲ್ಲಿನ ಆಯಾ ಇರ್ಬೇಕು. ಎಷ್ಟು ಮಕ್ಕಳಿಗೆ ಎಷ್ಟು ಆಯಾ? ನಲವತ್ತಕ್ಕೆ ಮೂರು. ಹಾಗಾದ್ರೆ ಮಿಕ್ಕ ಮಕ್ಕಳ ತಲೆ ನೋಡು. ನೋಡಿದೆ, ಹಿಂದೆ ನಿಂತ ಹುಡುಗಿಯರದ್ದೆಲ್ಲ ಬೋಳಿಸಿದ ತಲೆ, ಐದು ಫೋಟೊದಲ್ಲೂ, ಐದು ತಿಂಗಳಿನಿಂದ ಹಾಲು ತೆಗೆಯುವಾಗಲೆಲ್ಲ ಆ ಫೋಟೊ ನೋಡಿದ್ದೇನೆ, ಹಿಂದೆ ನಿಂತವರನ್ನು ಒಮ್ಮೆಯೂ ನೋಡಿರಲಿಲ್ಲ. ಒಡೆಸ್ಸಾ ಕನ್ನಡಕ ಹಣೆಗೇರಿಸಿ ಫೋಟೊಗೆ ಮೂಗು ತಾಗುವಷ್ಟು ಬಾಗಿದರು. ಮೂರು ಗಂಟೆ ಕೆಲಸ ಕಣೇ ಇದು, ಐದು ಸಲಾನೂ ಒಂದೇ ಕೈ, ಎಡಗಿವಿ ಹಿಂದೆ ಬೈತಲೆ ಒಂಚೂರು ಬಾಗತ್ತೆ ನೋಡು, ಅಲ್ಲೊಂದು ಗಾಯದ ಕಲೆ ಇದೆ ದೊಡ್ಡವಳಿಗೆ, ಅದಕ್ಕೆ ಬಾಚಣಿಗೆ ತಾಗ್ಬಾರ್ದು ಅಂತ ಸುತ್ತಿ ಹೋಗಿದಾಳೆ. ಯಾರು ಒಡೆಸ್ಸಾ? ನನ್ನೇನು ಕೇಳ್ತೀಯ, ತಿಂಗ್ಳು ತಿಂಗ್ಳು ಬರೋಳು ಯಾರೋ ಇದಾಳಲ್ಲ, ಸಂಬಳಕ್ಕೆ ಯಾರೂ ಗಾಯ ಸುತ್ತಿ ಹೋಗಲ್ಲ ಮಗಳೇ.

ಬೆಳಿಗ್ಗೆ ಡೇಲ್‌ಗೆ ಹೇಳಿದೆ, ಅವನು ಶೂ ಲೇಸು ಕಟ್ಟುತ್ತಾ, ದೇವರು ಬಾಗಿಲು ತೆಗೆದು ನಿಂತಿದಾನೆ, ನೀನು ಚಿಲಕ ಹೇಗಿದೆ ಅಂತ ನೋಡ್ತಿದೀಯ, ಅಂದ, ಕೆಟ್ಟದಾಗಿ ಅಲ್ಲ, ನನ್ನ ತಲೆಗೆ ಮುತ್ತಿಟ್ಟು ಹೇಳಿದ, ಪಾಪ ಮೇಲಿನ ಕೋಣೆಯ ಎರಡು ಮಂಚ ಅವನೇ ಕೆತ್ತಿದ್ದು, ಬೀಳಬಾರದೆಂದು ತಡೆಗೋಲು ಇಟ್ಟು. ಮಧ್ಯಾಹ್ನ ದತ್ತು ಸಂಸ್ಥೆಯ ಕ್ರಿಸ್ಟಿನ್‌ಗೆ ಫೋನು ಮಾಡಿದೆ. ಮಾರ್ಲಾ, ದಾಖಲೆಯಲ್ಲಿ ಯಾರೂ ಇಲ್ಲ ಅಂತಿದೆ, ಕೊನೇ ಗಳಿಗೇಲಿ ಎಲ್ರಿಗೂ ಹೀಗೆ ದಿಗಿಲಾಗತ್ತೆ, ವಿಚಾರಣೆ ಅಂತ ಬರೆದು ಕೊಟ್ರೆ ಕಡತ ನಿಲ್ಲತ್ತೆ, ಮಕ್ಳು ಬೇರೆ ಮನೆಗೆ ಹೋಗ್ಬಹುದು, ಯೋಚ್ನೆ ಮಾಡಿ. ಯೋಚನೆಯನ್ನೇ ಮಾಡುತ್ತಿದ್ದೇನೆ. ಪಾಸ್ಟರ ಹೆಂಡತಿಗೆ ಹೇಳಲೇ, ಅವಳು ಕೈ ಹಿಡಿದು ಪ್ರಾರ್ಥಿಸುತ್ತಾಳೆ, ಅಷ್ಟರಲ್ಲಿ ನನ್ನ ಪ್ರಶ್ನೆ ಅವಳ ಪ್ರಾರ್ಥನೆಯೊಳಗೆ ಕರಗಿ ದಿಗಿಲು ಎಂದಾಗುತ್ತದೆ, ಇಷ್ಟು ಜನ ನನ್ನ ಸುತ್ತ ಇದ್ದಾರೆ, ವಾರಕ್ಕೆ ಮೂರು ಮನೆಯಿಂದ ಊಟ ಬರುತ್ತದೆ, ಹೇಳಿಕೊಳ್ಳಲು ಈ ಬೊಂಬೆ ತಲೆಯೊಂದೇ.

ಗುಂಡಿಯ ಸದ್ದು ನಿಂತಿದೆ, ಯಾವಾಗ ನಿಂತಿತೋ, ಬಟ್ಟೆ ಸುಕ್ಕಾಗುತ್ತದೆ, ಆಗಲಿ. ಮೇಜಿಗೆ ಬಿಗಿದು ಹೆಣೆದ್ರೆ ಬರಲ್ಲ, ಕಾಲ ನಡುವೆ ಕೂರಿಸ್ಕೊಂಡು ಹೆಣೀಬೇಕು, ಮೊಣಕಾಲಿಗೆ ಮಗು ಒರಗ್ಬೇಕು, ಅಂದಿದ್ದರು ಒಡೆಸ್ಸಾ. ತಿರುಪು ಬಿಚ್ಚಿ ಬೊಂಬೆ ತಲೆಯನ್ನು ಎತ್ತಿಕೊಂಡು ಕೋರಾಳ ಕುಳ್ಳ ಸ್ಟೂಲಿನ ಮೇಲೆ ಕೂತು ಮೊಣಕಾಲ ನಡುವೆ ಹಿಡಿದೆ, ತಣ್ಣಗಿದೆ, ಭಾರವಿಲ್ಲ, ಮತ್ತೆ ಅವಳು ಕಂಡಳು, ಆ ಜಡೆ ಹೆಣೆಯುವವಳು, ಮುಖವಲ್ಲ, ಮುಖ ನನಗೆ ಸಿಗುವುದಿಲ್ಲ, ಕುಳ್ಳ ಮಣೆಯ ಮೇಲೆ ಕೂತ ಒಬ್ಬಳ ಎರಡು ಮೊಣಕಾಲು, ಅಸ್ತೇರ್ ಎದ್ದ ಮೇಲೆ ಮಿಹ್ರೆತ್, ಅಲ್ಲಾಡ್ಬೇಡ ಎಂದು ಗದರುತ್ತಾಳೇನೋ, ಎಣ್ಣೆಯ ಬೆರಳನ್ನು ಹೊದ್ದ ಬಟ್ಟೆಯ ಅಂಚಿಗೆ ಒರೆಸಿಕೊಳ್ಳುತ್ತಾಳೇನೋ, ತಾಯಿಯೋ, ಅಜ್ಜಿಯೋ, ಚಿಕ್ಕಮ್ಮನೋ, ಮೂರು ಗಂಟೆ ಆದಮೇಲೆ ಇಬ್ಬರೂ ಎದ್ದು ಓಡುತ್ತಾರೆ, ಮೊಣಕಾಲುಗಳು ಹಾಗೇ ಉಳಿಯುತ್ತವೆ, ಅಗಲಿಸಿಕೊಂಡು. ಮುಂದಿನ ತಿಂಗಳು ಅವಳು ಬಾಚಣಿಗೆ ಹಿಡಿದು ಬಂದಾಗ ಬಾಗಿಲಲ್ಲಿ ಏನು ಹೇಳುತ್ತಾರೆ? ಒಳ್ಳೇ ಮನೆಗೆ ಹೋದರು ಎನ್ನುತ್ತಾರೆ. ಒಳ್ಳೇ ಮನೆ, ಅದು ಇದೇ.

ಬೆಲ್ಲು. ನಾಲ್ಕಕ್ಕೆ ಇನ್ನೂ ಐದು ನಿಮಿಷ ಇದೆಯಲ್ಲ. ಬೇಗ ಬಂದ್ಬಿಟ್ಟೆ ಮೇಡಂ, ಏನೋ ಅರ್ಜೆಂಟು ಕಾಗದ ಅಂತಿದ್ರು ನಿಮ್ಮೆಜಮಾನ್ರು. ಒಂದು ನಿಮಿಷ ನಿಲ್ಲು. ಪೆನ್ನು ಎಲ್ಲಿ, ಇಲ್ಲಿದೆ, ನನ್ನ ಹೆಸರಿನ ಗೆರೆ, ಬೆರಳಿಗೆ ಬೊಂಬೆಯ ಕೂದಲು ಅಂಟಿದೆ, ಆ ಗೆರೆಯ ಮೇಲೆ ಹೆಸರಿನ ಬದಲು ಬರೆದೆ, ಇವರ ತಲೆ ಹೆಣೆಯುತ್ತಿರುವುದು ಯಾರು, ಅವರನ್ನು ಕೇಳಿದಿರಾ — ಗೆರೆ ಸಾಲದೆ ಅಂಚಿನವರೆಗೆ ಹೋಯಿತು, ಮಡಚಿ ಲಕೋಟೆಗೆ ಹಾಕಿ ನಾಲಿಗೆಯಿಂದ ಅಂಟಿಸಿ ಕೊಟ್ಟುಬಿಟ್ಟೆ. ಮಕ್ಕಳದ್ದಾ ಮೇಡಂ? ದೇವ್ರು ಒಳ್ಳೇದು ಮಾಡ್ಲಿ. ವ್ಯಾನು ಹೊರಟುಹೋಯಿತು. ಐದೂವರೆಗೆ ಡೇಲ್ ಬರುತ್ತಾನೆ, ಹೋಯ್ತಾ ಎಂದು ಕೇಳುತ್ತಾನೆ, ಹೋಯ್ತು ಎನ್ನಬೇಕು, ಆಮೇಲೆ ಮಿಕ್ಕದ್ದನ್ನೂ ಹೇಳಬೇಕು, ಈ ಸಲ ಅವನು ಸೋಲಬೇಕಾದ ಜಗಳವಲ್ಲ ಇದು, ಮಂಚಗಳ ಮೇಲೆ ಅವನು ಕೈಯಾಡಿಸುತ್ತಾನೆ, ಕೋರಾ ಕೇಳುತ್ತಾಳೆ, ಬರಲ್ವಾ ಅವ್ರು — ಏನು ಹೇಳಲಿ, ಗೊತ್ತಿಲ್ಲ ಪುಟ್ಟಿ, ಬಟ್ಟೆ ಮಡಚಬೇಕು, ಏಳಬೇಕು, ಏಳಲಾಗುತ್ತಿಲ್ಲ, ಎಲ್ಲೋ ಒಂದು ಅಂಗಳ, ಕುಳ್ಳ ಮಣೆ, ಎರಡು ಮೊಣಕಾಲು, ನಡುವೆ ಒಂದು ಮಗುವಿನಷ್ಟು ಜಾಗ, ಎರಡು ಮೊಣಕಾಲು, ನಡುವೆ ಒಂದು ಮಗುವಿನಷ್ಟು ಜಾಗ