ಜಯಮಾಲಾ ಕಲಿಸಿದ ಭಾಗಾಕಾರ

ಹದಿಮೂರು ಉಂಡೆಗಳನ್ನು ಇಬ್ಬರಿಗೆ ಹಂಚುವ ಒಂದೇ ಒಂದು ಲೆಕ್ಕಕ್ಕೆ ಜಯಮಾಲಾಳ ಅರ್ಧ ಸಂಜೆ ಹಾಳಾಗಿತ್ತು. ತೊಂಬತ್ತೆಂಟನೇ ಇಸವಿಯ ವಾರ್ಷಿಕ ಪರೀಕ್ಷೆ ಎದುರಿಗೇ ಇತ್ತು. ಅಣ್ಣನ ಮಗ ಮಚ್ಚೇಂದ್ರ, ತಮ್ಮನ ಮಗಳು ರೂಪಾಲಿ ಇಬ್ಬರೂ ಪಾಟಿ ಹಿಡಿದು ಪಡಸಾಲೆಯಲ್ಲಿ ಕೂತಿದ್ದರು.

"ನನಗ ಏಳು, ಅಣ್ಣಗ ಆರು," ಎಂದಳು ಮತ್ತೆ ರೂಪಾಲಿ.

"ಸಮ ಹಂಚಬೇಕಂತ ಎಷ್ಟ ಸಲ ಹೇಳಲಿ? ಏಳು, ಆರು ಸಮ ಆಗತಾವೇನು?"

"ಅಣ್ಣ ಹಿಸ್ಸಾ ಮಾಡ್ಯಾನ. ನಾ ಸಣ್ಣಾಕಿ, ಮೊದಲ ಆರಿಸಿಕೊಂಡೀನಿ."

"ಹೌದ ಅತ್ಯಾ," ಎಂದ ಮಚ್ಚೇಂದ್ರ. "ದೊಡ್ಡಾವ್ರು ಹಿಸ್ಸಾ ಮಾಡಬೇಕು, ಸಣ್ಣಾವ್ರು ಆರಿಸಬೇಕು. ಅಪ್ಪ, ಕಾಕಾ ಮೊನ್ನಿ ಹಂಗೇ ಮಾಡ್ಯಾರಲ್ಲ."

ಅದು ಸುಳ್ಳಲ್ಲ. ಬಸವಕಲ್ಯಾಣದ ಈ ಮನೆ ಒಂದು ಪಾಲು, ಹುಮನಾಬಾದಿನ ಅಂಗಡಿ ಮತ್ತು ಅದರ ಹಿಂದಿನ ಎರಡು ಕೋಣೆ ಇನ್ನೊಂದು ಪಾಲು ಎಂದು ಹಿರಿಯ ಶಂಕರಲಿಂಗ ಹೇಳಿದ್ದ. ಕಿರಿಯ ಧನರಾಜ ಹುಮನಾಬಾದು ಆರಿಸಿಕೊಂಡಿದ್ದ. ಕೊಡ, ತಪ್ಪೇಲಿ, ಕೌದಿ ಎಲ್ಲವೂ ಹೀಗೇ ಪಾಲಾದವು. ಜಗಳವಿಲ್ಲ, ತಂಟೆಯಿಲ್ಲ. ಓಣಿಯವರು ಚಹಾ ಕುಡಿದು, ಅಣ್ಣತಮ್ಮಂದಿರೆಂದರೆ ಹೀಗಿರಬೇಕು ಎಂದು ಹೊಗಳಿ ಹೋದರು. ಮಕ್ಕಳು ಬಾಯಿ ಬಿಟ್ಟುಕೊಂಡು ನೋಡಿದ್ದರು. ಅದನ್ನು ಕಂಡ ಮೇಲೆ ಅವರಿಗೆ ಲೆಕ್ಕದ ಪುಸ್ತಕ ಯಾವ ಗಿಡದ ತೊಪ್ಪಲು!

ಜಯಮಾಲಾ ಮಾತ್ರ ಯಾರ ಪಾಲಿನಲ್ಲೂ ಇರಲಿಲ್ಲ. ಗಂಡ ತೀರಿಕೊಂಡ ಮೇಲೆ ಮಂಠಾಳದಿಂದ ತವರಿಗೆ ಬಂದವಳು ಇಬ್ಬರ ಒಲೆಯನ್ನೂ ಊದಿದ್ದಳು, ಇಬ್ಬರ ಮಕ್ಕಳಿಗೂ ಅಕ್ಷರ ತಿದ್ದಿಸಿದ್ದಳು. ನಾಳೆ ಧನರಾಜ ಸಾಮಾನು ಹೇರಿಕೊಂಡು ಹೊರಟರೆ ಅವಳು ಅವನ ಜೊತೆ ಹೋಗಬೇಕೋ, ಇಲ್ಲೇ ಇರಬೇಕೋ? ಅಣ್ಣನ ಹೆಂಡತಿ, ವೈನಿ ಸುಗಂಧಾಳನ್ನು ಕೇಳಿದಳು. ವೈನಿ, "ನಿಮ್ಮಣ್ಣಗ ಕೇಳ್ರಿ," ಎಂದಳು. ಅಣ್ಣ, "ಧನರಾಜ ಏನಂತಾನ ನೋಡು," ಎಂದ. ಧನರಾಜ, "ಅಣ್ಣ ಹೇಳ್ದಂಗ," ಎಂದ. ಇನ್ನೊಂದು ಸುತ್ತು ಕೇಳಲು ಅವಳಿಗೆ ಮನಸ್ಸಾಗಲಿಲ್ಲ. ಇದ್ದಬದ್ದ ಸಿಟ್ಟೆಲ್ಲ ಈಗ ಮಕ್ಕಳ ಮೇಲೆ ಬೀಳುತ್ತಿತ್ತು.

"ನೋಡ್ರಿ ಇಲ್ಲಿ. ಆರು ಅವಂಗ, ಆರು ನಿನಗ. ಒಂದು ಉಳೀತು. ಅದಕ್ಕ ಶೇಷ ಅಂತಾರ. ಬಾಜೂಕ ಬರೀಬೇಕು."

"ಅದನ್ನ ಯಾರು ತಿಂತಾರ?" ರೂಪಾಲಿ ಕೇಳಿದಳು.

"ಯಾರೂ ತಿನ್ನಂಗಿಲ್ಲ."

"ಮತ್ತ ಆ ಉಂಡಿ ಕಟ್ಟಿದ್ದಾದ್ರೂ ಯಾಕ?"

"ಅರ್ಧಾ ಅರ್ಧಾ ಮುರಕೊಂತೀವಿ," ಎಂದ ಮಚ್ಚೇಂದ್ರ.

"ಮುರಿಯೋ ಲೆಕ್ಕ ನಿಮಗ ಇನ್ನಾ ಬಂದಿಲ್ಲ!" ಜಯಮಾಲಾ ಪಾಟಿಯನ್ನು ನೆಲಕ್ಕೆ ಕುಕ್ಕಿದಳು. "ಹಿಸ್ಸೇಕ ಬರಲಾರದ್ದು ಬಾಜೂಕ ಇಡಬೇಕು. ಅಷ್ಟೇ. ಹೇಳ್ರಿ."

ಮಕ್ಕಳು ಹೆದರಿ ಹೇಳಿದವು. ಅವಳು ಮತ್ತೆ ಮತ್ತೆ ಹೇಳಿಸಿದಳು. ಆಮೇಲೆ ಮಾವಿನಕಾಯಿ ಹಂಚಿಸಿದಳು, ಪೆನ್ಸಿಲು ಹಂಚಿಸಿದಳು, ಗೋಲಿ ಹಂಚಿಸಿದಳು. ಕೊನೆಗೂ ಇಬ್ಬರ ತಲೆಗೂ ಹತ್ತಿತು. ರೂಪಾಲಿಗೆ ಹುರುಪು ಬಂತು.

"ಈಗ ನಾ ಒಂದು ಲೆಕ್ಕ ಹಾಕ್ತೀನಿ ಅತ್ಯಾ. ಮನ್ಯಾಂದೇ ಲೆಕ್ಕ."

"ಹಾಕು."

"ನಮ್ಮ ಮನ್ಯಾಗ ದೊಡ್ಡಾವ್ರು ಐದು ಮಂದಿ. ಮನಿ ಎರಡು. ಒಂದೊಂದು ಮನಿಗಿ ಎಷ್ಟು ಮಂದಿ?" ಅವಳೇ ಬೆರಳು ಮಡಿಚಿದಳು. "ದೊಡ್ಡಪ್ಪ, ದೊಡ್ಡವ್ವ ಈ ಮನಿಗಿ. ಅಪ್ಪ, ಅವ್ವ ಆ ಮನಿಗಿ. ಎರಡೆರಡು ಬಂತು. ಶೇಷ ಅತ್ಯಾ."

"ಶೇಷ ಒಂದು ಅನಬೇಕು," ಮಚ್ಚೇಂದ್ರ ತಿದ್ದಿದ.

ಒಳಗೆ ಓರಗಿತ್ತಿಯರು ಪಾತ್ರೆ ಕಟ್ಟುತ್ತಿದ್ದ ಸದ್ದು ನಿಂತಿತು. ಬಾಗಿಲ ಕಟ್ಟೆಯ ಮೇಲೆ ಕೂತಿದ್ದ ಅಣ್ಣತಮ್ಮಂದಿರ ಮಾತೂ ನಿಂತಿತು. ಎಲ್ಲರಿಗೂ ಕೇಳಿಸಿತ್ತು. ಜಯಮಾಲಾ ಬಳಪ ಹಿಡಿದು ಕಾದಳು. ನಾಲ್ವರಲ್ಲಿ ಒಬ್ಬರು ನಕ್ಕು, ಹುಚ್ಚಿ, ನಿನ್ನ ಲೆಕ್ಕ ತಪ್ಪು ಅದ ಎಂದಿದ್ದರೆ ಸಾಕಿತ್ತು. ಶಂಕರಲಿಂಗ ಕೆಮ್ಮಿದ. ನಾಳೆ ಟೆಂಪೋ ಎಷ್ಟು ಗಂಟೆಗೆ ಬರುತ್ತದೆ ಎಂದು ತಮ್ಮನನ್ನು ಕೇಳಿದ. ಒಳಗೆ ಪಾತ್ರೆಗಳು ಮತ್ತೆ ಸದ್ದು ಮಾಡಿದವು.

"ಬರೋಬ್ಬರಿ ಅದನ, ಅತ್ಯಾ?"

ತಪ್ಪು ಎನ್ನಲು ಜಯಮಾಲಾಳಿಗೆ ಏನೂ ಸಿಗಲಿಲ್ಲ. "ಬರೋಬ್ಬರಿ ಅದ," ಎಂದು ಪಾಟಿಯ ಮೇಲೆ ಸರಿ ಗುರುತು ಎಳೆದಳು.

ರೂಪಾಲಿ ಪಾಟಿ ಎತ್ತಿಕೊಂಡು ಕಟ್ಟೆಗೆ ಓಡಿದಳು. ಧನರಾಜ ಅದನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದ. ಒಳಗೆ ಕೂತಿದ್ದ ಅಕ್ಕನ ಕಡೆ ತಿರುಗಲಿಲ್ಲ.

"ಶಾಣ್ಯಾಕಿ ಇದ್ದಿ," ಎಂದು ಮಗಳ ತಲೆ ಸವರಿದ.